ಹೊಲಿಗೆ ದಾರ, ಸೂಜಿ, ಗಂಟು: ಡಿಸ್ಚಾರ್ಜ್ ಕಾರ್ಡ್ ಓದುವ ಬಗೆ (ಕಾಸರಗೋಡು ಕಡೆಯವರ ಚರ್ಚೆ)

ಪೆರ್ಲ_ಪಾಲಿಯೇಟಿವ್
ಹೋಮ್‌ಕೇರ್‌ಗೆ ಹೋಗುವವರಿಗೂ ಆಶಾ ಕಾರ್ಯಕರ್ತೆಯರಿಗೂ ಕೆಲಸಕ್ಕೆ ಬರುವ ಹಾಗೆ ಒಂದು ಕಡೆ ಬರೆದಿಡೋಣ ಅಂತ ಈ ಚರ್ಚೆ ಶುರು ಮಾಡಿದ್ದು. ನಮ್ಮ ಕಡೆಯವರಿಗೆ ಆಪರೇಷನ್ ಆಗುವುದು ತಲಪಾಡಿ ಗಡಿ ದಾಟಿ ಮಂಗಳೂರಲ್ಲೋ ದೇರಳಕಟ್ಟೆಯಲ್ಲೋ. ಹೊಲಿಗೆ ತೆಗೆಸುವುದು ಮಾತ್ರ ಊರಿನ ಆರೋಗ್ಯ ಕೇಂದ್ರದಲ್ಲಿ. ಕಾರ್ಡ್ ಇಂಗ್ಲಿಷಿನಲ್ಲಿ, ಇಲ್ಲಿನ ಚೀಟಿ ಮಲಯಾಳದಲ್ಲಿ, ಮನೆಯವರು ಓದುವುದು ಕನ್ನಡ. ಕಾರ್ಡಿನಲ್ಲಿ ಇಂಥದ್ದೊಂದು ಸಾಲು ಇರುತ್ತದೆ: ‘ಶೀತ್ ನಂಬರ್ 1 ಪಿಡಿಎಸ್, ಸ್ಕಿನ್ 3-0 ಎಥಿಲಾನ್, ಎಸ್ಆರ್ ಆನ್ ಪಿಒಡಿ 10’. ಇದರಲ್ಲಿ ಒಳಗೆ ಉಳಿಯುವುದು ಯಾವುದು, ತೆಗೆಯಬೇಕಾದದ್ದು ಯಾವುದು? ಗೊತ್ತಿದ್ದವರು ಬಿಡಿಸಿ ಹೇಳಿ. ಯಾರ ಮನೆಯ ಕತೆಯೂ ಬೇಡ, ವಿಷಯ ಸಾಕು.

ಓಟಿ_ಸಿಸ್ಟರ್_ಕುಂಬಳೆ
ಶೀತ್ ಅಂದರೆ ಹೊಟ್ಟೆಯ ಸ್ನಾಯುವನ್ನು ಸುತ್ತಿಕೊಂಡ ಗಟ್ಟಿ ಬಿಳಿ ಪದರ. ಅದಕ್ಕೆ ಹಾಕಿದ ಪಿಡಿಎಸ್ ಒಳಗೇ ಕರಗುವ ದಾರ, ಅದನ್ನು ಯಾರೂ ಮುಟ್ಟುವುದಿಲ್ಲ. ಚರ್ಮಕ್ಕೆ ಹಾಕಿದ್ದು ಎಥಿಲಾನ್, ಅಂದರೆ ನೈಲಾನ್. ಅದು ಕರಗುವುದಿಲ್ಲ, ತೆಗೆಯಲೇಬೇಕು. ಎಸ್ಆರ್ ಅಂದರೆ ಹೊಲಿಗೆ ತೆಗೆಯುವುದು. ಪಿಒಡಿ ಅಂದರೆ ಆಪರೇಷನ್ ಆದ ಮೇಲಿನ ದಿನ. ಲೆಕ್ಕದಲ್ಲಿ ತಪ್ಪುವುದು ಇಲ್ಲಿಯೇ: ಆಪರೇಷನ್ ಆದ ದಿನ ಸೊನ್ನೆ, ಮರುದಿನ ಒಂದು. ಡಿಸ್ಚಾರ್ಜ್ ಆದ ದಿನದಿಂದ ಎಣಿಸಿದರೆ ನಾಲ್ಕೈದು ದಿನ ತಡ ಆಗಿಬಿಡುತ್ತದೆ.

ಆಪರೇಷನ್ ಹೆಸರಿನ ಬಾಲ ನೋಡಿದರೂ ಅರ್ಧ ವಿಷಯ ತಿಳಿಯುತ್ತದೆ. ‘ಎಕ್ಟಮಿ’ ಇದ್ದರೆ ಏನೋ ತೆಗೆದಿದ್ದಾರೆ. ‘ಆಟಮಿ’ ಇದ್ದರೆ ಕೊಯ್ದು ತೆರೆದದ್ದು. ‘ಆಸ್ಟಮಿ’ ಇದ್ದರೆ ಹೊರಗೆ ಬಾಯಿ ಇಟ್ಟಿದ್ದಾರೆ, ಕೊಲಾಸ್ಟಮಿಯಲ್ಲಿ ಇರುವ ಹಾಗೆ. ‘ರಾಫಿ’ ಅಂದರೆ ಹೊಲಿದದ್ದು. ಹರ್ನಿಯೋರಾಫಿಯಲ್ಲಿ ದಾರ ಮಾತ್ರ, ಹರ್ನಿಯೋಪ್ಲಾಸ್ಟಿಯಲ್ಲಿ ಸಾಧಾರಣವಾಗಿ ಬಲೆ (ಮೆಶ್) ಇಟ್ಟಿರುತ್ತಾರೆ. ಡಿಬ್ರೈಡ್‌ಮೆಂಟ್ ಅಂದರೆ ಸತ್ತ ಮಾಂಸ ಕತ್ತರಿಸಿ ತೆಗೆದದ್ದು, ಲೈಗೇಷನ್ ಅಂದರೆ ರಕ್ತನಾಳವನ್ನೋ ಕೊಳವೆಯನ್ನೋ ದಾರದಲ್ಲಿ ಕಟ್ಟಿದ್ದು. ಡಿಹಿಸೆನ್ಸ್ ಅಂತ ಬರೆದಿದ್ದರೆ ಹೊಲಿದ ಗಾಯ ಬಿಟ್ಟುಕೊಂಡಿದೆ.

ಸರ್ಜರಿ_ಪಿಜಿ
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ‘ಕರಗುವ ದಾರ’ ಅಂದ ಕೂಡಲೇ ಜನ ಒಂದೇ ದಿನಾಂಕ ಕೇಳುತ್ತಾರೆ. ಇರುವುದು ಎರಡು: ದಾರದ ಹಿಡಿತ ಹೋಗುವ ದಿನ ಬೇರೆ, ದಾರ ಪೂರ್ತಿ ಕರಗಿ ಮುಗಿಯುವ ದಿನ ಬೇರೆ. ಸರ್ಜನ್‌ಗೆ ಮುಖ್ಯ ಮೊದಲನೆಯದು.

ವಿಕ್ರಿಲ್, ಅಂದರೆ ಪಾಲಿಗ್ಲಾಕ್ಟಿನ್ 910, ಹೆಣೆದ ದಾರ. ಎರಡು ವಾರಕ್ಕೆ ಸುಮಾರು 75%, ಮೂರು ವಾರಕ್ಕೆ 50%, ನಾಲ್ಕಕ್ಕೆ 25% ಬಲ ಉಳಿದಿರುತ್ತದೆ. ಪೂರ್ತಿ ಹೋಗಲು 56ರಿಂದ 70 ದಿನ. ವಿಕ್ರಿಲ್ ರ್ಯಾಪಿಡ್ ಅದೇ ವಸ್ತು, ಬೇಗ ಸೋಲುವ ಹಾಗೆ ಮಾಡಿದ್ದು: 5 ದಿನಕ್ಕೆ ಅರ್ಧ ಬಲ, 10–14 ದಿನಕ್ಕೆ ಏನೂ ಇಲ್ಲ. ಹೆರಿಗೆಯ ಹೊಲಿಗೆಗೆ, ಮಕ್ಕಳ ಚರ್ಮಕ್ಕೆ, ಬಾಯಿಯ ಒಳಗೆ ಇದು ಅನುಕೂಲ. ಮೊನೊಕ್ರಿಲ್ ಒಂಟಿ ಎಳೆಯದು, ಚರ್ಮದ ಅಡಿಯಲ್ಲಿ ಓಡಿಸಲು ಚೆನ್ನ. ಎರಡು ವಾರಕ್ಕೆ ಬಲ 20–30%ಕ್ಕೆ ಇಳಿದರೂ ದಾರ ಕಾಣೆಯಾಗಲು 91ರಿಂದ 119 ದಿನ ಬೇಕು. ಪಿಡಿಎಸ್ ನಿಧಾನದ್ದು: ನಾಲ್ಕು ವಾರಕ್ಕೂ ಸುಮಾರು ಅರ್ಧ ಬಲ ಇರುತ್ತದೆ, ಪೂರ್ತಿ ಕರಗಲು ಆರು ತಿಂಗಳ ಮೇಲೆ.

ಈಗ ಶೀತ್‌ಗೆ ಪಿಡಿಎಸ್ ಯಾಕೆ ಅಂತ ತಾನಾಗಿ ಗೊತ್ತಾಗುತ್ತದೆ. ಬಾಯಿಯ ಒಳಪದರ ವಾರದೊಳಗೆ ಕೂಡಿಕೊಳ್ಳುತ್ತದೆ. ಶೀತ್‌ಗೆ ತಿಂಗಳುಗಳೇ ಬೇಕು. ಗಾಯಕ್ಕೆ ಮೂರು ವಾರಕ್ಕೆ ಮೂಲ ಬಲದ ಸುಮಾರು ಐದನೇ ಒಂದು ಪಾಲು ಬರುತ್ತದೆ, ಮೂರು ತಿಂಗಳಿಗೆ 80%ರ ಹತ್ತಿರ. ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಕರಗದವು: ನೈಲಾನ್, ಪಾಲಿಪ್ರೊಪಿಲೀನ್ (ಪ್ರೋಲೀನ್, ನೀಲಿ ಬಣ್ಣ), ರೇಷ್ಮೆ, ಪಾಲಿಯೆಸ್ಟರ್, ಸ್ಟೀಲ್ ತಂತಿ. ಇದರಲ್ಲೂ ಸಣ್ಣ ಮೋಸ ಉಂಟು. ನೈಲಾನ್ ಒಳಗೆ ಬಿಟ್ಟರೆ ವರ್ಷಕ್ಕೆ 15–20% ಬಲ ಕಳೆದುಕೊಳ್ಳುತ್ತದೆ, ರೇಷ್ಮೆಯ ಬಲ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ. ಒಳಗೆ ಶಾಶ್ವತವಾಗಿ ಹಿಡಿದು ನಿಲ್ಲಬೇಕು ಅಂದರೆ ಪ್ರೋಲೀನ್, ಪಾಲಿಯೆಸ್ಟರ್ ಅಥವಾ ಸ್ಟೀಲ್. ಹೃದಯದ ಆಪರೇಷನ್ ಆದಮೇಲೆ ಎದೆಮೂಳೆ ಬಿಗಿಯುವುದು ಸ್ಟೀಲ್ ತಂತಿಯಲ್ಲೇ.

ತೋಟದಮನೆ
ಎರಡು ಪ್ರಶ್ನೆ ಡಾಕ್ಟ್ರೇ. ಕ್ಯಾಟ್‌ಗಟ್ ಇನ್ನೂ ಉಂಟೋ? ಮತ್ತೆ ನೈಲಾನೂ ಕಪ್ಪು, ರೇಷ್ಮೆಯೂ ಕಪ್ಪು. ಕಾರ್ಡ್ ಕಳೆದುಹೋದರೆ ಗುರುತು ಹಿಡಿಯುವುದು ಹೇಗೆ?

ಸರ್ಜರಿ_ಪಿಜಿ
ಉಂಟು. ಬೆಕ್ಕಿಗೂ ಅದಕ್ಕೂ ಸಂಬಂಧ ಇಲ್ಲ, ಕುರಿಯ ಅಥವಾ ದನದ ಕರುಳಿನ ಪದರದಿಂದ ಮಾಡಿದ್ದು. ಹುಚ್ಚು ಹಸುವಿನ ರೋಗದ ಭಯದಿಂದ ಯುರೋಪಿನಲ್ಲಿ ಬಿಟ್ಟರು, ನಮ್ಮಲ್ಲಿ ಕ್ರೋಮಿಕ್ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ) ಕ್ಯಾಟ್‌ಗಟ್ ಇನ್ನೂ ಸಿಗುತ್ತದೆ. ಕರಗುವ ಸಿಂಥೆಟಿಕ್ ದಾರ ನೀರಿನಂಶದಿಂದ ಒಡೆಯುತ್ತದೆ. ಅದರ ವೇಗ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಕ್ಯಾಟ್‌ಗಟ್ಟನ್ನು ದೇಹದ ಕಿಣ್ವಗಳು ತಿನ್ನುತ್ತವೆ. ಹಾಗಾಗಿ ಕೀವಾದ ಕಡೆ ಅದು ಲೆಕ್ಕಕ್ಕಿಂತ ಮೊದಲೇ ಕೈಕೊಡುತ್ತದೆ, ಊತವೂ ಜಾಸ್ತಿ. ಸಾದಾದ್ದರ ಹಿಡಿತ 7–10 ದಿನ, ಕ್ರೋಮಿಕ್‌ನದ್ದು ಎರಡು ವಾರದ ಆಸುಪಾಸು. ವಿಕ್ರಿಲ್ ಕೈಗೆ ಸಿಗುವಾಗ ಕ್ಯಾಟ್‌ಗಟ್ ಹಾಕಲು ದರ ಬಿಟ್ಟು ಬೇರೆ ಕಾರಣ ನನಗೆ ಕಾಣುವುದಿಲ್ಲ.

ಓಟಿ_ಸಿಸ್ಟರ್_ಕುಂಬಳೆ
ಎರಡನೆಯದಕ್ಕೆ ಉತ್ತರ: ಗಂಟಿನ ಮೇಲೆ ಬಿಟ್ಟ ತುದಿ ನೋಡಿ. ಮೀಸೆಯ ಹಾಗೆ ಸೆಟೆದು ನಿಂತು ಚುಚ್ಚಿದರೆ ನೈಲಾನ್. ಮೆತ್ತಗೆ ಮಡಚಿಕೊಂಡು, ತುದಿ ಬಿಚ್ಚಿ ಕುಚ್ಚಾಗಿದ್ದರೆ ರೇಷ್ಮೆ.

ಫಾರ್ಮಸಿ_ಉಪ್ಪಳ
ನಂಬರಿನ ವಿಷಯ ನಾನು ಬರೆಯುತ್ತೇನೆ, ಕೌಂಟರಿನಲ್ಲಿ ಹೆಚ್ಚು ಗೊಂದಲ ಆಗುವುದು ಅದರಲ್ಲೇ. ಸೊನ್ನೆ ಹೆಚ್ಚಿದಷ್ಟು ದಾರ ಸಪೂರ. 2-0 ಅಂದರೆ ‘00’, ಟೂ-ಜೀರೋ. ಸೊನ್ನೆಯ ಈಚೆ 1, 2 ಅಂತ ಹೋದರೆ ದಪ್ಪ. ಸಿಂಥೆಟಿಕ್ ದಾರದಲ್ಲಿ 2-0 ಸುಮಾರು 0.3 ಮಿಮೀ, 3-0 ಸುಮಾರು 0.2, 4-0 ಸುಮಾರು 0.15, 5-0 ಸುಮಾರು 0.1. ನಂಬರ್ 1 ಅಂದರೆ 0.4 ಮಿಮೀ. ಕಣ್ಣಿಗೆ ಹಾಕುವ 10-0 ತಲೆಕೂದಲಿಗಿಂತಲೂ ಸಪೂರ. ಅದೇ ನಂಬರಿನ ಕ್ಯಾಟ್‌ಗಟ್ ಒಂದು ಅಳತೆ ದಪ್ಪ ಇರುತ್ತದೆ, ಆದ್ದರಿಂದ ‘ವಿಕ್ರಿಲ್ 3-0 ಇಲ್ಲ, ಕ್ರೋಮಿಕ್ 3-0 ಕೊಡಿ’ ಅಂತ ಬದಲಿಸಿದರೆ ಅದೇ ದಾರ ಅಲ್ಲ. ಪ್ಯಾಕೆಟಿನಲ್ಲಿ ‘ಮೆಟ್ರಿಕ್’ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಮಿಲಿಮೀಟರಿನ ಹತ್ತನೇ ಪಾಲಿನಲ್ಲಿ ಇರುವ ದಪ್ಪ, ಮೆಟ್ರಿಕ್ 2 ಅಂದರೆ 0.2 ಮಿಮೀ. ಸಂಶಯ ಇದ್ದರೆ ಅದನ್ನು ನೋಡಿ.

ಸಾಮಾನ್ಯವಾಗಿ ಮುಖಕ್ಕೆ 5-0 ಅಥವಾ 6-0, ಕೈಕಾಲಿಗೆ 3-0 ಅಥವಾ 4-0, ತಲೆಗೆ 2-0 ಅಥವಾ 3-0.

ಇಟ್ಟುಕೊಳ್ಳುವ ರೀತಿ: ವಿಕ್ರಿಲ್‌ನಂಥ ದಾರಕ್ಕೆ 25 ಡಿಗ್ರಿ ದಾಟಬಾರದು, ತೇವ ತಾಗಬಾರದು. ನಮ್ಮ ಆಟಿ ತಿಂಗಳಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಫಾಯಿಲ್ ಬಿಚ್ಚಿಟ್ಟ ದಾರ ಗಾಳಿಯ ತೇವಕ್ಕೇ ಬಲ ಕಳೆದುಕೊಳ್ಳಲು ಶುರು ಮಾಡುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಒಡೆದು ಬಳಸದೆ ಉಳಿದದ್ದನ್ನು ಮತ್ತೆ ಸ್ಟೆರಿಲೈಸ್ ಮಾಡಬಾರದು, ಬಿಸಾಡಿ. ಪ್ಯಾಕೆಟಿನಲ್ಲಿ 2 ಅಂಕೆಗೆ ಗೀಟು ಹಾಕಿದ ಗುರುತು ಹೇಳುವುದು ಎರಡನೇ ಸಲ ಬಳಸಬಾರದು ಅಂತ.

ನರ್ಸಿಂಗ್_ಬದಿಯಡ್ಕ
ಪ್ಯಾಕೆಟ್ ಮೇಲೆ ಸೂಜಿಯ ಚಿತ್ರದ ಪಕ್ಕ ಆರ್‌ಬಿ, ಆರ್‌ಸಿ ಅಂತ ಇರುತ್ತದಲ್ಲ ಸಿಸ್ಟರ್, ಯಾವುದು ಎಲ್ಲಿಗೆ?

ಓಟಿ_ಸಿಸ್ಟರ್_ಕುಂಬಳೆ
ಆರ್‌ಬಿ ರೌಂಡ್ ಬಾಡಿ. ತುದಿ ಚೂಪು, ಮೈ ದುಂಡು. ಕೊಯ್ಯದೆ ಸರಿಸಿಕೊಂಡು ಹೋಗುತ್ತದೆ. ಕರುಳು, ಸ್ನಾಯು, ಕೊಬ್ಬು, ಗರ್ಭಕೋಶಕ್ಕೆ. ಇದನ್ನು ಚರ್ಮಕ್ಕೆ ತಂದರೆ ಒಳಗೆ ಹೋಗುವುದಿಲ್ಲ. ಒತ್ತಿದರೆ ಸೂಜಿ ಬಗ್ಗುತ್ತದೆ.

ಆರ್‌ಸಿ ರಿವರ್ಸ್ ಕಟಿಂಗ್. ಅಡ್ಡಕೊಯ್ತ ತ್ರಿಕೋನ, ಮೂರನೇ ಅಂಚು ಬಾಗಿನ ಹೊರಗಡೆ. ಚರ್ಮಕ್ಕೆ ಇದೇ. ಹಳೆಯ ಕಟಿಂಗ್ ಸೂಜಿಯಲ್ಲಿ ಆ ಅಂಚು ಒಳಬದಿಗೆ, ಅಂದರೆ ಗಾಯದ ಕಡೆಗೆ ಇರುತ್ತದೆ. ದಾರ ಬಿಗಿಯುವಾಗ ಅದೇ ಗೀರಿನಲ್ಲಿ ಚರ್ಮ ಹರಿದುಕೊಂಡು ಬರುವ ಸಂಭವ ಹೆಚ್ಚು. ಹೊರಬದಿಗೆ ಇದ್ದರೆ ದಾರ ಕೂರುವುದು ಚಪ್ಪಟೆ ಗೋಡೆಯ ಮೇಲೆ.

ನೀಡಲ್ ಹೋಲ್ಡರಿನಲ್ಲಿ ಹಿಡಿಯುವುದು ತುದಿಯಿಂದ ಮೂರನೇ ಎರಡು ಪಾಲು ದೂರದಲ್ಲಿ, ಹೋಲ್ಡರಿನ ಬಾಯಿಯ ತುದಿಯಲ್ಲಿ. ದಾರ ಕೂಡಿಸಿದ ಬುಡದಲ್ಲಿ ಹಿಡಿಯಬೇಡ, ಅಲ್ಲಿ ಸೂಜಿ ಟೊಳ್ಳು, ಮುರಿಯುತ್ತದೆ. ಚರ್ಮಕ್ಕೆ ನೇರ 90 ಡಿಗ್ರಿಯಲ್ಲಿ ಇಳಿಸಿ, ಸೂಜಿಯ ಬಾಗಿಗೆ ಸರಿಯಾಗಿ ಮಣಿಕಟ್ಟು ತಿರುಗಿಸಬೇಕು. ನೂಕಿದರೆ ಆಗುವುದಿಲ್ಲ. ಓರೆಯಾಗಿ ಇಳಿಸಿದರೆ ಅಂಚು ಒಳಗೆ ಮಡಚಿಕೊಂಡು ಮೇಲ್ಚರ್ಮ ಮೇಲ್ಚರ್ಮಕ್ಕೇ ತಾಗುತ್ತದೆ, ಅದು ಕೂಡುವುದಿಲ್ಲ. ಅಂಚು ಸ್ವಲ್ಪ ಮೇಲೆದ್ದು ನಿಲ್ಲಬೇಕು. ತಾನಾಗಿ ನಿಲ್ಲದಿದ್ದರೆ ವರ್ಟಿಕಲ್ ಮ್ಯಾಟ್ರೆಸ್: ದೂರ-ದೂರ, ಮತ್ತೆ ಅದೇ ಗೆರೆಯಲ್ಲಿ ಹತ್ತಿರ-ಹತ್ತಿರ.

ಸರ್ಜರಿ_ಪಿಜಿ
ಗಂಟಿನ ಬಗ್ಗೆ: ಬಲ-ಎಡ ಬದಲಾಯಿಸಿ ಹಾಕದಿದ್ದರೆ ಜಾರುಗಂಟು ಆಗುತ್ತದೆ. ರೇಷ್ಮೆಗೆ ಮೂರು ಸುತ್ತು ಸಾಕು. ನೈಲಾನ್ ನುಣುಪು, ಸುತ್ತಿಟ್ಟ ಆಕಾರಕ್ಕೇ ಮರಳಲು ನೋಡುತ್ತದೆ. ನಾಲ್ಕೈದು ಬೇಕು. ಪ್ರೋಲೀನ್‌ಗೆ ಐದಾರು. ಗಂಟು ಗಾಯದ ಗೆರೆಯ ಮೇಲೆ ಬರಬಾರದು, ಪಕ್ಕಕ್ಕೆ ಎಳೆದಿಡಿ. ಚರ್ಮದಲ್ಲಿ ಅರ್ಧ ಸೆಂಟಿಮೀಟರ್ ತುದಿ ಬಿಡಿ, ತೆಗೆಯುವವರಿಗೆ ಹಿಡಿಯಲು ಏನಾದರೂ ಬೇಕಲ್ಲ.

ಬಿಗಿ ಜಾಸ್ತಿ ಆಗುವುದೇ ಹೊಸಬರ ದೊಡ್ಡ ಕೆಡುಕು. ಮೊದಲ ಒಂದೆರಡು ದಿನ ಗಾಯ ಬಾತುಕೊಳ್ಳುತ್ತದೆ, ಸರಿಯಾಗಿಯೇ ಕಟ್ಟಿದ ಹೊಲಿಗೆಯೂ ಬಿಗಿಯಾಗುತ್ತದೆ. ಮೊದಲೇ ಬಿಗಿದಿದ್ದರೆ ಅಂಚಿನ ರಕ್ತ ನಿಂತು ಚರ್ಮ ಬಿಳಿಚಿ, ಆಮೇಲೆ ಕಪ್ಪಾಗುತ್ತದೆ. ಏಣಿಯ ಮೆಟ್ಟಿಲಿನಂಥ ಕಲೆ ಉಳಿಯುವುದೂ ಇದರಿಂದಲೇ, ಜೊತೆಗೆ ಹೊಲಿಗೆಯನ್ನು ಹೆಚ್ಚು ದಿನ ಬಿಟ್ಟದ್ದರಿಂದ.

ಕ್ಯಾಶುವಾಲಿಟಿ_ಮುಳ್ಳೇರಿಯ
ದಾರದ ಮಾತು ಬಹಳ ಆಯಿತು. ಗಾಯ ಕೆಡುವುದು ಹೆಚ್ಚಾಗಿ ದಾರದಿಂದ ಅಲ್ಲ, ತೊಳೆಯದೆ ಮುಚ್ಚಿದ್ದರಿಂದ. ಕತ್ತಿ ತಾಗಿದ್ದೋ ಹುಲ್ಲು ಹೆರೆಯುವ ಮೆಷಿನಿನದ್ದೋ, ಬರುವಾಗ ಒಳಗೆ ಮಣ್ಣು, ಕಾಫಿಪುಡಿ, ಅರಿಶಿನ, ಜಜ್ಜಿದ ಕಮ್ಯೂನಿಸ್ಟ್ ಪಚ್ಚದ ಎಲೆ ಎಲ್ಲ ಇರುತ್ತದೆ. ಅಷ್ಟನ್ನೂ ತೆಗೆಯದೆ ಹೊಲಿದರೆ ಒಳಗೆ ಕೀವಿನ ಚೀಲ ಕಟ್ಟಿಕೊಟ್ಟ ಹಾಗೆ.

ಕ್ರಮ ಇದು. ಮೊದಲು ಬೆರಳು ಆಡಿಸಲು ಹೇಳಿ, ಗಾಯದ ಆಚೆ ಸ್ಪರ್ಶ ಗೊತ್ತಾಗುತ್ತದೋ ನೋಡಿ. ಮರಗಟ್ಟಿಸಿದ ಮೇಲೆ ನರ ಪರೀಕ್ಷೆ ಆಗುವುದಿಲ್ಲ. ಬೆರಳು ಮಡಚಲು ಬಾರದಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದು. ಚರ್ಮ ಹೊಲಿದು ಮನೆಗೆ ಕಳಿಸುವ ಕೇಸ್ ಅಲ್ಲ ಅದು. ಆಮೇಲೆ ಮರಗಟ್ಟಿಸುವ ಔಷಧಿ ಲಿಗ್ನೋಕೇನ್. 2% ಅಂದರೆ ಮಿಲಿಗೆ 20 ಮಿಗ್ರಾಂ. ಕೆಜಿಗೆ 3 ಮಿಗ್ರಾಂ ಹಿಡಿದರೆ 50 ಕೆಜಿಯವರಿಗೆ 150 ಮಿಗ್ರಾಂ, ಅಂದರೆ 7.5 ಮಿಲಿ. ಗಾಯ ದೊಡ್ಡದಿದ್ದರೆ ನಾರ್ಮಲ್ ಸಲೈನ್ ಸೇರಿಸಿ 1% ಮಾಡಿಕೊಂಡರೆ ಅದೇ ಔಷಧಿ ಎರಡರಷ್ಟು ಜಾಗಕ್ಕೆ ಸಾಕಾಗುತ್ತದೆ.

ತೊಳೆಯಲು 20 ಮಿಲಿ ಸಿರಿಂಜ್, 18 ನಂಬರ್ ಸೂಜಿ ಅಥವಾ ಕ್ಯಾನ್ಯುಲಾ, ಗಾಯದ ಉದ್ದದ ಪ್ರತಿ ಸೆಂಟಿಮೀಟರಿಗೆ 50ರಿಂದ 100 ಮಿಲಿ ಸಲೈನ್. 5 ಸೆಂಟಿಮೀಟರ್ ಗಾಯಕ್ಕೆ ಅರ್ಧ ಲೀಟರ್ ಬಾಟಲಿ ಪೂರ್ತಿ ಮುಗಿಯಬೇಕು. ಸಲೈನ್ ಇಲ್ಲದಿದ್ದರೆ ಕುಡಿಯುವ ಶುದ್ಧ ನೀರೂ ಆಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಲು ಚಂದ, ಜೀವಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ಸತ್ತ ಅಂಚು ಕತ್ತರಿಸಿ ತೆಗೆಯುವುದು. ಹೊಲಿಯುವುದು ಕೊನೆಗೆ. ಧನುರ್ವಾಯು ತಡೆಯುವ ಟಿಟಿ ಅಥವಾ ಟಿಡಿ ಚುಚ್ಚುಮದ್ದು ಕಡೆಯ ಸಲ ಯಾವಾಗ ಅಂತಲೂ ಕೇಳಿ: ಮಣ್ಣು ತಾಗಿದ ಗಾಯಕ್ಕೆ 5 ವರ್ಷ ದಾಟಿದ್ದರೆ, ಶುದ್ಧ ಸಣ್ಣ ಗಾಯಕ್ಕೆ 10 ದಾಟಿದ್ದರೆ ಇನ್ನೊಂದು.

ಕೂಡಲೇ ಮುಚ್ಚಬಾರದ್ದು: ನಾಯಿ, ಬೆಕ್ಕು, ಮನುಷ್ಯ ಕಚ್ಚಿದ್ದು, ಕೀವಾದದ್ದು, ಜಜ್ಜಿದ್ದು, ಮರುವಾಯಿ ಚಿಪ್ಪು ಕೊಯ್ದು ಕೆಸರು ಒಳಗೆ ಹೋದದ್ದು. ಇಂಥವನ್ನು ಸಲೈನ್ ಗಾಜ್ ಇಟ್ಟು ತೆರೆದು ಬಿಟ್ಟು, ನಾಲ್ಕೈದನೇ ದಿನ ಶುದ್ಧ ಕಂಡರೆ ಆಗ ಹೊಲಿಯುವುದು. ಕಾರ್ಡಿನಲ್ಲಿ ‘ಡಿಲೇಡ್ ಪ್ರೈಮರಿ ಕ್ಲೋಶರ್’ ಅಂತ ಕಂಡರೆ ಅದೇ. ಯಾರೋ ಮರೆತು ಬಿಟ್ಟದ್ದಲ್ಲ.

ತೋಟದಮನೆ
ನಾಯಿ ಕಚ್ಚಿ ಕೆನ್ನೆಯೇ ಹರಿದಿದ್ದರೆ? ಮುಖವನ್ನು ಹಾಗೇ ಬಿಡಲು ಆಗುತ್ತದೋ?

ಕ್ಯಾಶುವಾಲಿಟಿ_ಮುಳ್ಳೇರಿಯ
ಬಿಡುವುದಿಲ್ಲ, ಆದರೆ ಕ್ರಮ ತಪ್ಪಬಾರದು. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ, ಗಡಿಯಾರ ನೋಡಿ. ರೇಬೀಸ್ ಲಸಿಕೆ. ನಂತರ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಗಾಯದ ಒಳಗೂ ಸುತ್ತಲೂ ಚುಚ್ಚಬೇಕು: ಮನುಷ್ಯ ಮೂಲದ್ದು ಕೆಜಿಗೆ 20 ಯೂನಿಟ್, ಕುದುರೆಯದ್ದು 40. ಅದು ಅಂಗಾಂಶದಲ್ಲಿ ಹರಡಲು ಕೆಲವು ಗಂಟೆ ಬಿಟ್ಟು, ಎಷ್ಟು ಕಮ್ಮಿ ಆಗುತ್ತದೋ ಅಷ್ಟು ಸಡಿಲ ಹೊಲಿಗೆ. ಮೊದಲು ಹೊಲಿದರೆ ಪ್ರತಿ ಸೂಜಿ ತೂತೂ ವೈರಸ್ಸಿಗೆ ನರದ ಕಡೆಗೆ ಹೊಸ ದಾರಿ.

ಪೆರ್ಲ_ಪಾಲಿಯೇಟಿವ್
ಹೊಲಿಗೆ ತೆಗೆಯುವ ದಿನ ಮತ್ತು ರೀತಿ ಒಮ್ಮೆ ಬರೆಯಿರಿ ಸಿಸ್ಟರ್. ಸಕ್ಕರೆ ಕಾಯಿಲೆ ಇರುವವರದ್ದೂ ಸೇರಿಸಿ.

ಓಟಿ_ಸಿಸ್ಟರ್_ಕುಂಬಳೆ
ಮುಖ 3–5 ದಿನ. ತಲೆ 7–10. ಕೈ, ಮೈ 7–10. ಕಾಲು, ಅಂಗೈ, ಅಂಗಾಲು, ಗಂಟಿನ ಮೇಲೆ 10–14. ಸರ್ಜನ್ ದಿನ ಬರೆದಿದ್ದರೆ ಅದೇ ಅಂತಿಮ. ಸಕ್ಕರೆ ಇರುವವರಿಗೆ, ಸ್ಟೀರಾಯ್ಡ್ ತಿನ್ನುವವರಿಗೆ ಕೂಡುವುದು ನಿಧಾನ. ಮೊದಲ ದಿನ ಒಂದು ಬಿಟ್ಟು ಒಂದು ತೆಗೆದು, ಎರಡು ದಿನ ಬಿಟ್ಟು ಉಳಿದದ್ದು.

ಮೊದಲು ಒಣಗಿದ ರಕ್ತದ ಹಕ್ಕಳೆಯನ್ನು ಸಲೈನ್‌ನಲ್ಲಿ ನೆನೆಸಿ ಬಿಡಿಸಿ. ಇಲ್ಲದಿದ್ದರೆ ದಾರ ಎಲ್ಲಿ, ಚರ್ಮ ಎಲ್ಲಿ ಗೊತ್ತಾಗುವುದಿಲ್ಲ. ಫೋರ್ಸೆಪ್ಸ್‌ನಲ್ಲಿ ಗಂಟು ಹಿಡಿದು ಸ್ವಲ್ಪ ಎತ್ತಿ. ಆಗ ಚರ್ಮದ ಒಳಗಿದ್ದ ಒಂದೆರಡು ಮಿಲಿಮೀಟರ್ ದಾರ ಮೇಲೆ ಬರುತ್ತದೆ, ಹೊರಗಿದ್ದ ಭಾಗಕ್ಕಿಂತ ತಿಳಿಯಾಗಿ ಹೊಳೆಯುತ್ತದೆ. ಗಂಟಿನ ಕೆಳಗೆ, ಆ ಹೊಳೆಯುವ ಜಾಗದಲ್ಲಿ, ಒಂದೇ ಬದಿಯಲ್ಲಿ ಕತ್ತರಿಸಿ. ಎಳೆಯುವುದು ಗಾಯದ ಕಡೆಗೆ. ಹೊರಗಡೆಗೆ ಎಳೆದರೆ ಅಂಚು ಬಿಟ್ಟುಕೊಳ್ಳುತ್ತದೆ. ಹೊಳೆಯುವಲ್ಲೇ ಕತ್ತರಿಸಲು ಕಾರಣ, ಹತ್ತು ದಿನ ಹೊರಗೆ ಬೆವರು ಧೂಳು ಹೀರಿದ ದಾರ ಗಾಯದೊಳಗೆ ಹಾದುಹೋಗಬಾರದು. ಎರಡೂ ಬದಿ ಕತ್ತರಿಸಿದರೆ ತುಂಡು ಒಳಗೇ ಉಳಿಯುತ್ತದೆ. ತೆಗೆದದ್ದನ್ನು ಎಣಿಸಿ, ಕಾರ್ಡಿನ ಲೆಕ್ಕಕ್ಕೆ ಹೋಲಿಸಿ. ತಲೆಕೂದಲಿನ ನಡುವೆ ಕಪ್ಪು ನೈಲಾನ್ ಒಂದೆರಡು ತಪ್ಪಿಸಿಕೊಳ್ಳುವುದು ಮಾಮೂಲು. ಅದಕ್ಕೇ ತಲೆಗೆ ನೀಲಿ ಪ್ರೋಲೀನ್ ಹಾಕುವವರು ಉಂಟು.

ಮೊದಲ ಹೊಲಿಗೆ ತೆಗೆದಾಗಲೇ ಅಂಚು ಬಾಯಿ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಪೇಪರ್ ಸ್ಟ್ರಿಪ್ ಅಂಟಿಸಿ ಡಾಕ್ಟರಿಗೆ ತೋರಿಸಿ.

ಫಾರ್ಮಸಿ_ಉಪ್ಪಳ
ಹೊಲಿಗೆಯ ಬದಲು ಅಂಟು ಹಾಕಿದ ಗಾಯಕ್ಕೆ ಮುಲಾಮು ಕೇಳಿಕೊಂಡು ಬರುತ್ತಾರೆ. ಬೇಡ. ಸಯನೋಅಕ್ರಿಲೇಟ್ ಅಂಟು ಎಣ್ಣೆ, ವ್ಯಾಸಲಿನ್ ತಾಗಿದರೆ ಸಡಿಲಾಗುತ್ತದೆ. 5–10 ದಿನಕ್ಕೆ ತಾನೇ ಸಿಪ್ಪೆ ಏಳುತ್ತದೆ, ಕೆರೆಯಬಾರದು. ಅದು ಚರ್ಮದ ಮೇಲೆ ಮಾತ್ರ, ಗಾಯದ ಒಳಗೆ ಹೋಗಬಾರದು. ಎಳೆತ ಇರುವ ಗಂಟು, ಕಣ್ಣಿನ ಹತ್ತಿರ, ಒದ್ದೆ ಜಾಗಕ್ಕೆ ಅಲ್ಲ. ಚಪ್ಪಲಿಗೆ ಅಂಟಿಸುವ ಸೂಪರ್ ಗ್ಲೂ ಅದೇ ಜಾತಿಯದ್ದಾದರೂ ಬೇರೆ ರಾಸಾಯನಿಕ. ಚರ್ಮ ಸುಡುತ್ತದೆ, ಸ್ಟೆರೈಲ್ ಅಲ್ಲ.

ವೆಟ್_ವರ್ಕಾಡಿ
ದನದ ವಿಷಯ ಯಾರಾದರೂ ಕೇಳುವ ಮೊದಲೇ: ಚರ್ಮ ದಪ್ಪ, ಕಟಿಂಗ್ ಸೂಜಿ, ನಂಬರ್ 1 ಅಥವಾ 2 ನೈಲಾನ್, 10–14 ದಿನ. ಹೊಲಿಗೆಗಿಂತ ನೊಣ ಓಡಿಸುವುದು ದೊಡ್ಡ ಕೆಲಸ. ಕೆಚ್ಚಲ ಮೊಲೆ ಹರಿದರೆ ಹಾಲು ಸೋರುವ ಒಳಪದರವನ್ನು ಬೇರೆ, ಚರ್ಮವನ್ನು ಬೇರೆ ಹೊಲಿಯಬೇಕು. ಒಂದೇ ಪದರದಲ್ಲಿ ಎಳೆದು ಕಟ್ಟಿದರೆ ಹಾಲು ಪಕ್ಕದಿಂದ ಜಿನುಗುತ್ತಲೇ ಇರುತ್ತದೆ.

ಸರ್ಜರಿ_ಪಿಜಿ
ಹೊಟ್ಟೆ ಆಪರೇಷನ್ ಆದವರ ಮನೆಗೆ ಹೋಗುವವರು ಒಂದನ್ನು ತಿಳಿದಿರಲೇಬೇಕು. ಐದರಿಂದ ಎಂಟನೇ ದಿನದ ನಡುವೆ, ಕೀವಿಲ್ಲದೆ, ತೆಳು ಗುಲಾಬಿ ನೀರು ಏಕಾಏಕಿ ಬಟ್ಟೆ ನೆನೆಯುವಷ್ಟು ಬಂದರೆ ಮೇಲಿನ ಚರ್ಮದ ಹೊಲಿಗೆ ಸರಿ ಇದ್ದರೂ ಒಳಗಿನ ಶೀತ್ ಬಿಟ್ಟಿರಬಹುದು. ಡ್ರೆಸಿಂಗ್ ಬದಲಿಸಿ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಮಲಗಿಸಿ, ಮೊಣಕಾಲು ಮಡಚಿಸಿ, ಊಟ ನೀರು ಕೊಡದೆ ಆಸ್ಪತ್ರೆಗೆ. ಕರುಳು ಹೊರಗೆ ಕಂಡರೆ ಒಳಗೆ ತಳ್ಳಬೇಡಿ, ಸಲೈನ್‌ನಲ್ಲಿ ನೆನೆಸಿದ ಸ್ಟೆರೈಲ್ ಬಟ್ಟೆ ಮುಚ್ಚಿ. ಒಣಬಟ್ಟೆ ಕರುಳಿಗೆ ಅಂಟಿಕೊಳ್ಳುತ್ತದೆ.

ದಾರ ತುಂಡಾಗಿ ಹೀಗೆ ಆಗುವುದು ಅಪರೂಪ. ಹೆಚ್ಚಾಗಿ ದಾರ ಗಟ್ಟಿ ಇದ್ದು ಅಂಗಾಂಶವನ್ನು ಕೊಯ್ದುಕೊಂಡು ಬರುತ್ತದೆ. 1976ರಲ್ಲಿ ಜೆಂಕಿನ್ಸ್ ಕೊಟ್ಟ ಲೆಕ್ಕ ಈಗಲೂ ನಡೆಯುತ್ತದೆ: ಗಾಯದ ಉದ್ದದ ನಾಲ್ಕು ಪಟ್ಟಾದರೂ ದಾರ ಒಳಗೆ ಇರಬೇಕು, 15 ಸೆಂಟಿಮೀಟರಿಗೆ 60. ಹೊಟ್ಟೆ ಉಬ್ಬಿದಾಗ ಗಾಯದ ಗೆರೆ ಉದ್ದವಾಗುತ್ತದೆ, ದಾರ ಗಿಡ್ಡವಾಗಿದ್ದರೆ ಕೊಯ್ಯುತ್ತದೆ. 2015ರಲ್ಲಿ ಡಚ್ ಆಸ್ಪತ್ರೆಗಳ ಪ್ರಯೋಗ ಬಂತು. 5 ಮಿಮೀ ಅಂತರದಲ್ಲಿ ಅಂಚಿನಿಂದ 5 ಮಿಮೀ ಹಿಡಿದು 2-0 ಪಿಡಿಎಸ್‌ನಲ್ಲಿ ಸಣ್ಣಸಣ್ಣದಾಗಿ ಹೊಲಿದವರಲ್ಲಿ ಒಂದು ವರ್ಷಕ್ಕೆ ಹರ್ನಿಯಾ 13%, ದೊಡ್ಡ ಹೊಲಿಗೆಯವರಲ್ಲಿ 21%. ತುರ್ತು ಆಪರೇಷನ್‌ಗಳು ಅದರಲ್ಲಿ ಇರಲಿಲ್ಲ. ಹಾಗಾಗಿ ಎಲ್ಲ ಹೊಟ್ಟೆಗೂ ಅದೇ ಅಂಕಿ ಅನ್ವಯ ಅಂತ ನಾನು ಹೇಳುವುದಿಲ್ಲ.

ನರ್ಸಿಂಗ್_ಬದಿಯಡ್ಕ
ಒಂದೂವರೆ ತಿಂಗಳ ಮೇಲೆ ವಾಸಿಯಾದ ಕಲೆಯಲ್ಲಿ ಸಣ್ಣ ಗುಳ್ಳೆ ಎದ್ದು ಬಿಳಿ ದಾರದ ತುದಿ ಕಂಡರೆ? ಜ್ವರ ಇಲ್ಲ, ಸುತ್ತ ಕೆಂಪೂ ಇಲ್ಲ.

ಓಟಿ_ಸಿಸ್ಟರ್_ಕುಂಬಳೆ
ಕರಗುವ ದಾರದ ಗಂಟು ಚರ್ಮದ ತೀರಾ ಹತ್ತಿರ ಕೂತಿದ್ದರೆ ದೇಹ ಅದನ್ನು ಹೊರಗೆ ತಳ್ಳುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ, ಸ್ಟೆರೈಲ್ ಫೋರ್ಸೆಪ್ಸ್‌ನಲ್ಲಿ ಮೆಲ್ಲ ಹಿಡಿದರೆ ಬಿಡಿ ಗಂಟಾದರೆ ಬಂದುಬಿಡುತ್ತದೆ, ಎರಡು ದಿನದಲ್ಲಿ ಗುಳ್ಳೆ ಒಣಗುತ್ತದೆ. ಬರದಿದ್ದರೆ ಎಳೆಯಬೇಡಿ, ಕಂಡಷ್ಟನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿ ಬಿಡಿ. ಸುತ್ತ ಕೆಂಪಾಗಿ ನೋವು ಬಂದರೆ, ಅಥವಾ ಹೊಟ್ಟೆಯ ಗಾಯದಲ್ಲಿ ಕಂಡದ್ದು ನೀಲಿ ಪ್ರೋಲೀನ್ ಆದರೆ, ಅದು ಶೀತ್‌ಗೆ ಹಾಕಿದ್ದೋ ಬಲೆಗೆ ಹಾಕಿದ್ದೋ ಇರಬಹುದು. ಅದಕ್ಕೆ ಕತ್ತರಿ ಹಾಕದೆ ಆಪರೇಷನ್ ಮಾಡಿದಲ್ಲಿಗೇ ಕಳಿಸಿ, ಕಾರ್ಡ್ ಜೊತೆಗೆ.